ಸಹಾಯ ಬೇಕು: ಕಾಫಿ ಬೀಜಕ್ಕೆ ಜೀವ ಇದೆ, ಆದರೆ ಮೊಳಕೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಮೂಡಿಗೆರೆಯಿಂದ ರೊಬಸ್ಟಾ ಬೀಜ ತರಿಸಿದ್ದೇನೆ. ಒಂದು ಈಗಷ್ಟೇ ಪಲ್ಪ್ ಮಾಡಿದ್ದು (ಹಣ್ಣಿನ ಸಿಪ್ಪೆ ತೆಗೆದದ್ದು), ಇನ್ನೊಂದು ಸೀಸನ್ ಶುರುವಿನಲ್ಲೇ ಕೊಯ್ದು ಇಟ್ಟಿದ್ದು. ಕಾಫಿ ಬೀಜ ಭತ್ತದ ಹಾಗೆ ಒಣಗಿಸಿ ವರ್ಷಗಟ್ಟಲೆ ಇಡುವಂಥದ್ದಲ್ಲ ಅಲ್ವಾ, ಅದಕ್ಕೇ ಈ ಹೋಲಿಕೆ.

ಜೀವ ಇರುವ ಭಾಗವನ್ನು ಕೆಂಪು ಮಾಡುವ ಟೆಟ್ರಜೋಲಿಯಂ ದ್ರಾವಣದಲ್ಲಿ ಹಾಕಿದಾಗ ಎರಡರಲ್ಲೂ ಭ್ರೂಣ ಕೆಂಪಾಯಿತು. ಅಂದರೆ ಉಸಿರಾಟದ ಕಿಣ್ವ ಡಿಹೈಡ್ರೋಜಿನೇಸ್ ಕೆಲಸ ಮಾಡುತ್ತಿದೆ, ಜೀವ ಇದೆ. ಹಳೆಯದರಲ್ಲಿ ಬೇರಿನ ತುದಿ ಮಾತ್ರ ಮಸುಕು ಗುಲಾಬಿ. ಆದರೆ ಮರಳಿನ ಟ್ರೇಯಲ್ಲಿ ಹೊಸ ಬೀಜ ಬೇರು ಬಿಟ್ಟಿದೆ, ಹಳೆಯದು ಸುಮ್ನೆ ಕೂತಿದೆ. ಪಾರ್ಚ್‌ಮೆಂಟ್ ಸಿಪ್ಪೆ ಸುಲಿದು ನೋಡಿದೆ. ನಮ್ಮ ಕರಾವಳಿಯ ಸೆಕೆಗೆ ಬೂಸ್ಟು ಬರದ ಹಾಗೆ ಮರಳನ್ನೂ ಬದಲಿಸಿದೆ. ಏನೂ ಆಗಲಿಲ್ಲ. ಜಿಬ್ಬರೆಲಿನ್ (ಸಸ್ಯ ಹಾರ್ಮೋನು) ಹಾಕು ಅಂತ ಸ್ನೇಹಿತರು ಹೇಳಿದರು. ಕಾಫಿಯಲ್ಲಿ ಅದು ಜಾಸ್ತಿಯಾದರೆ ಮೊಳಕೆಯನ್ನೇ ತಡೆಯುತ್ತದೆ, ಹಾಗಾಗಿ ಹಾಕಿಲ್ಲ.

ಬೇರು ಹೊರಬರಲು, ಅದರ ಮುಂದಿರುವ ಎಂಡೋಸ್ಪರ್ಮನ್ನು (ಭ್ರೂಣದ ಸುತ್ತಲಿನ ಗಟ್ಟಿ ಆಹಾರ ಭಾಗ) ಮೆತ್ತಗೆ ಮಾಡುವುದು ಎಂಡೋ-ಬೀಟಾ-ಮ್ಯಾನನೇಸ್ ಎಂಬ ಕಿಣ್ವ. ಅದನ್ನು ಅಳೆಯಬೇಕು ಅಂತಿದ್ದೇನೆ, ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಬೇರಿನ ಮುಂದಿರುವ ಎಂಡೋಸ್ಪರ್ಮ್ ತುದಿಯನ್ನಷ್ಟೇ ಕತ್ತರಿಸಿ ಅರೆಯಬೇಕಾ, ಇಡೀ ಎಂಡೋಸ್ಪರ್ಮ್ ಅರೆಯಬೇಕಾ? ನೆನೆಸಿದ ಎಷ್ಟನೇ ದಿನದಿಂದ ಸ್ಯಾಂಪಲ್ ತೆಗೆಯಬೇಕು? ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ.