ಕ್ರಿಸ್ಮಸ್ ಆರಾಧನೆಯಲ್ಲಿ ಕರ್ತನ ಭೋಜನ ಇರಲೇಬೇಕೇ?

ಪ್ರಶ್ನೆ:
ನಮ್ಮ ಸಭೆಯಲ್ಲಿ ಕ್ರಿಸ್ಮಸ್ ದಿನ ಗೀತೆಗಳು, ಮಕ್ಕಳ ರೂಪಕ, ಪ್ರಸಂಗ ಎಲ್ಲವೂ ಮುಗಿದು ಕರ್ತನ ಭೋಜನದ (ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಸಂಸ್ಕಾರದ) ಹೊತ್ತು ಬರುವಷ್ಟರಲ್ಲಿ ಹಿಂದಿನ ಸಾಲುಗಳು ಬರಿದಾಗಿರುತ್ತವೆ. ಈ ಸಲ ಅದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳೋಣವೆಂದು ಕೆಲವರು ಸೂಚಿಸಿದ್ದಾರೆ. ಕರ್ತನ ಮರಣವನ್ನು ಸಾರುವ ಸಂಸ್ಕಾರಕ್ಕೆ ಆತನ ಜನನದ ದಿನ ಎಡೆಯಿಲ್ಲ ಎಂಬುದು ಅವರ ವಾದ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಈ ವಾದವನ್ನು ನಾನು ಒಪ್ಪಲಾರೆ. ಕ್ರಿಸ್ಮಸ್ ಎಂಬ ಹೆಸರೇ ‘ಕ್ರಿಸ್ತನ ಬಲಿಪೂಜೆ’ ಎಂಬರ್ಥದ ಹಳೆಯ ಇಂಗ್ಲಿಷ್ ಮಾತಿನಿಂದ ಬಂದದ್ದು. ಬಲಿಪೂಜೆಯೆಂದರೆ ಕರ್ತನ ಭೋಜನವಿರುವ ಆರಾಧನೆಯೇ; ಹಬ್ಬಕ್ಕೆ ಹೆಸರು ಕೊಟ್ಟದ್ದೇ ಅದು. ಇನ್ನು ಲೂಕನ ಸುವಾರ್ತೆಯ 2ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ತಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದು ಗೋದಲಿಯಲ್ಲಿ, ಅಂದರೆ ದನಕರುಗಳಿಗೆ ಮೇವು ಹಾಕುವ ಜಾಗದಲ್ಲಿ. ಆ ಊರು ಬೇತ್ಲೆಹೇಮ್, ಹೀಬ್ರೂ ಭಾಷೆಯಲ್ಲಿ ‘ರೊಟ್ಟಿಯ ಮನೆ’. ಪರಲೋಕದಿಂದ ಇಳಿದು ಬಂದ ಜೀವದ ರೊಟ್ಟಿ ನಾನೇ ಎಂದವನು ರೊಟ್ಟಿಯ ಮನೆಯಲ್ಲಿಯೇ ಹುಟ್ಟಿದ, ಮೇವಿನ ಗೋದಲಿಯಲ್ಲಿಯೇ ಮಲಗಿದ ಎಂದು ಪೋಪ್ ಮಹಾ ಗ್ರೆಗೊರಿ 6ನೇ ಶತಮಾನದ ಕೊನೆಯಲ್ಲಿಯೇ ತಮ್ಮ ಕ್ರಿಸ್ಮಸ್ ಪ್ರಸಂಗದಲ್ಲಿ ವಿವರಿಸಿದ್ದರು. ದೇವರು ಶರೀರಧಾರಿಯಾದದ್ದನ್ನು ಕೊಂಡಾಡುವ ದಿನವೇ ಆತನು ರೊಟ್ಟಿ ಕೊಡುತ್ತಾ ಹೇಳಿದ ‘ಇದು ನನ್ನ ದೇಹ’ ಎಂಬ ಮಾತನ್ನು ಬದಿಗಿಡುವುದು ನನಗಂತೂ ನೋವಿನ ಸಂಗತಿ.

ಉತ್ತರ 2:
ಮೇಲಿನವರ ಮಾತಿಗೆ ಚರಿತ್ರೆಯ ಬೆಂಬಲವೂ ಇದೆ. ಕ್ರಿಸ್ತಶಕ 506ರಲ್ಲಿ ಗಾಲ್ ಪ್ರಾಂತದ (ಇಂದಿನ ಫ್ರಾನ್ಸ್) ಆಗ್ದ್ ನಗರದಲ್ಲಿ ಸೇರಿದ ಬಿಷಪ್ಪರ ಸಭೆಯು ಕ್ರಿಸ್ಮಸ್, ಈಸ್ಟರ್, ಪಂಚಾಶತ್ತಮ ಹಬ್ಬಗಳಂದು ಪ್ರಭುಭೋಜನ (ಕರ್ತನ ಭೋಜನ) ಸ್ವೀಕರಿಸದವರನ್ನು ಕಥೋಲಿಕ ಕ್ರೈಸ್ತರೆಂದು ಎಣಿಸಬಾರದೆಂದು ವಿಧಿಸಿತು. ಕಥೋಲಿಕರಲ್ಲಿ ನಡುರಾತ್ರಿ, ಮುಂಜಾನೆ, ಹಗಲು ಎಂದು ಕ್ರಿಸ್ಮಸ್ಸಿಗೆ ಮೂರು ಬಲಿಪೂಜೆಗಳಿವೆ. ಪ್ರಭುಭೋಜನವಿಲ್ಲದ ಆರಾಧನೆಯೂ ಉಂಟು: ಒಂಬತ್ತು ಬೈಬಲ್ ಪಾಠಗಳು ಮತ್ತು ಗೀತೆಗಳ ಆರಾಧನೆ 1880ರಲ್ಲಿ ಇಂಗ್ಲೆಂಡಿನ ಟ್ರೂರೊದಲ್ಲಿ ಆರಂಭವಾಯಿತು. ಆದರೆ ಅದು ನಡೆದದ್ದು ಹಬ್ಬದ ಹಿಂದಿನ ದಿನ ರಾತ್ರಿ. ನಿಮ್ಮ ಸಭೆಗೂ ದಾರಿ ಅಲ್ಲಿಯೇ ಇದೆ ಎನಿಸುತ್ತದೆ: ರೂಪಕವನ್ನು ಹಿಂದಿನ ಸಂಜೆಗೆ ಇಟ್ಟುಕೊಳ್ಳಿ. ಜನ ಎದ್ದು ಹೋಗುವುದು ಹೊತ್ತು ಮೀರಿದ್ದರಿಂದಲೇ ಹೊರತು ಸಂಸ್ಕಾರ ಬೇಡವೆಂದಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹೋದ ವರ್ಷ ರೂಪಕದ ಪರದೆ ಬಿಚ್ಚುವ ಸದ್ದಿನ ನಡುವೆಯೇ ವೃದ್ಧೆಯೊಬ್ಬರು ಕೋಲೂರಿಕೊಂಡು ಮುಂದೆ ಬಂದು, ಅಂಗೈಯ ಮೇಲೆ ಅಂಗೈಯಿಟ್ಟು ರೊಟ್ಟಿಯ ತುಣುಕಿಗಾಗಿ ಕಾದು ನಿಂತಿದ್ದರು. ರೂಪಕವನ್ನು 24ರ ಸಂಜೆಗೆ ಬದಲಿಸುವಂತೆ ನಮ್ಮ ಸಭಾಪಾಲಕರನ್ನು ಈ ವಾರವೇ ಕೇಳಿಕೊಳ್ಳುತ್ತೇನೆ.