ಎಲ್ಲರೂ ‘ಯಾವುದು ತಗೊಳ್ಳಲಿ’ ಅಂತ ನನ್ನನ್ನೇ ಕೇಳುತ್ತಾರೆ, ನೀವು ಹೇಗೆ ನಿಭಾಯಿಸುತ್ತೀರಿ?

ನೆಂಟರು, ಆಫೀಸಿನವರು, ಕೆಳಗಿನ ಮನೆಯವರು ಎಲ್ಲರೂ ಫೋನ್, ಲ್ಯಾಪ್‌ಟಾಪ್, ಎಸಿ ಯಾವುದು ತಗೊಳ್ಳಲಿ ಅಂತ ನಿಮ್ಮನ್ನೇ ಕೇಳುತ್ತಾರೆ, ಕೆಟ್ಟರೆ ಮತ್ತೆ ನಿಮಗೇ ಫೋನ್ ಬರುತ್ತದೆ, ಏನು ಮಾಡುವುದು ಅಂತ ಕೇಳಿದ್ದೀರಿ. ನಮ್ಮ ಬಳಗದಲ್ಲಿ ಬಹಳ ವರ್ಷದಿಂದ ಈ ಕೆಲಸ ನನ್ನದು. ನನಗೆ ಇಷ್ಟದ ಕೆಲಸವೇ. ನಾನು ಹೇಳುವುದು ಒಂದೇ, ಕೇಳಿದ ಕೂಡಲೇ ಮಾಡೆಲ್ ಹೆಸರು ಹೇಳಬೇಡಿ.

ಬಜೆಟ್ ಎಷ್ಟು ಅಂತ ಎಲ್ಲರೂ ಕೇಳುತ್ತೇವೆ. ಈಗ ಇರುವುದರಲ್ಲಿ ಏನು ತೊಂದರೆ ಅಂತ ಮೊದಲು ಕೇಳಿ. ಎಷ್ಟೋ ಜನಕ್ಕೆ ಹೊಸದು ಬೇಕಾಗಿಯೇ ಇರುವುದಿಲ್ಲ. ಫೋನ್ ಸ್ಲೋ ಆಗಿದೆ ಅನ್ನುವವರ ಫೋನ್ ತೆಗೆದು ನೋಡಿದರೆ ಸ್ಟೋರೇಜ್ ಪೂರ್ತಿ ತುಂಬಿರುತ್ತದೆ, ಅದರಲ್ಲಿ ವಾಟ್ಸಾಪ್ ಗ್ರೂಪಿಗೆ ಬಂದ ವಿಡಿಯೋಗಳೇ ಜಾಸ್ತಿ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ವೇಗವಾದ ಸ್ಟೋರೇಜ್ ಆದ ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ನಡೆಯುತ್ತದೆ. ದುಡ್ಡು ಉಳಿಸಿಕೊಟ್ಟ ಸಲಹೆಯನ್ನು ಜನ ಮರೆಯುವುದಿಲ್ಲ.

ಇನ್ನು ಕೆಲವರು ಮನಸ್ಸಿನಲ್ಲೇ ಒಂದನ್ನು ಆರಿಸಿಕೊಂಡು ಬಂದಿರುತ್ತಾರೆ, ಲಿಂಕ್ ಕಳಿಸಿ ‘ಅಣ್ಣಾ, ಇದು ಹೇಗಿದೆ?’ ಅನ್ನುತ್ತಾರೆ. ಅಂಥವರಿಗೆ ಬೇರೆ ನಾಲ್ಕು ಹೆಸರು ಹೇಳಿ ತಲೆ ಕೆಡಿಸಬೇಡಿ. ಅದರಲ್ಲಿ ದೊಡ್ಡ ದೋಷ ಇದ್ದರೆ ಮಾತ್ರ ಹೇಳಿ, ಇಲ್ಲದಿದ್ದರೆ ಚೆನ್ನಾಗಿದೆ, ತಗೊಳ್ಳಿ ಅನ್ನಿ.

ದೊಡ್ಡ ದೋಷ ಅಂದರೆ ಎಂಥದ್ದು? ಮಗಳು ಇಂಜಿನಿಯರಿಂಗ್ ಸೇರಿದಳು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಐ5 ಲ್ಯಾಪ್‌ಟಾಪ್ ಕಡಿಮೆಗೆ ಸಿಗುತ್ತಿದೆ ಅಂತ ಒಬ್ಬರು ಕೇಳಿದರು ಅಂದುಕೊಳ್ಳಿ. ಐ5 ಅನ್ನುವುದು ಇಂಟೆಲ್ ಪ್ರೊಸೆಸರಿನ ಒಂದು ಸಾಲಿನ ಹೆಸರು, ಆ ಸ್ಟಿಕರ್ ನೋಡಿ ಏನೂ ಹೇಳಲಾಗದು, ಅದರ ಮುಂದಿನ ನಂಬರ್ ನೋಡಬೇಕು. 6200 ಅಂದರೆ ಆರನೇ ಜನರೇಷನ್, 8250 ಅಂದರೆ ಎಂಟನೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಸಪೋರ್ಟ್, ಅಂದರೆ ಸೆಕ್ಯೂರಿಟಿ ಅಪ್‌ಡೇಟ್ ಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ನಿಂದ ಈಚಿನದೇ ಬೇಕು. ಆರನೆಯದನ್ನು ಅಗ್ಗ ಅಂತ ತಗೊಂಡರೆ ಮೊದಲ ದಿನದಿಂದಲೇ ಚಿಂತೆ ಶುರು. ಹೊಸ ಲ್ಯಾಪ್‌ಟಾಪ್ ಆದರೆ ರ‍್ಯಾಮ್ (ಕೆಲಸದ ವೇಳೆ ಬಳಸುವ ಮೆಮೊರಿ) ಆಮೇಲೆ ಹೆಚ್ಚಿಸಲು ಬರುತ್ತದಾ ಅಂತ ಮೊದಲೇ ಕೇಳಿಸಿ. ತೆಳ್ಳಗಿನ ಎಷ್ಟೋ ಮಾಡೆಲ್‌ಗಳಲ್ಲಿ ಅದು ಬೋರ್ಡಿಗೇ ಬೆಸುಗೆ ಆಗಿರುತ್ತದೆ, 8 ಜಿಬಿ ತಗೊಂಡರೆ ಕೊನೆವರೆಗೂ 8 ಜಿಬಿಯೇ.

ಫೋನಿನಲ್ಲಿ ‘16 ಜಿಬಿ ರ‍್ಯಾಮ್’ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಸರಿಯಾಗಿ ಓದಿದರೆ 8 + 8. ಎರಡನೇ 8 ಸ್ಟೋರೇಜಿನಿಂದ ಎರವಲು ತಂದದ್ದು, ನಿಜವಾದ ರ‍್ಯಾಮ್‌ನ ವೇಗ ಅದಕ್ಕಿಲ್ಲ. ಅಪ್ಪ ಅಮ್ಮನಿಗೆ ಫೋನ್ ಕೇಳಿದರೆ ನಾನು ಕ್ಯಾಮೆರಾ ಬಗ್ಗೆ ಮಾತೇ ಎತ್ತುವುದಿಲ್ಲ. ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಊರಿನ ಹತ್ತಿರ ಸರ್ವಿಸ್ ಸೆಂಟರ್ ಇದೆಯಾ, ಸ್ಪೀಕರ್ ಜೋರಾಗಿದೆಯಾ, ಇಷ್ಟೇ. ಪಿಂಚಣಿ, ಯುಪಿಐ, ಬ್ಯಾಂಕಿನ ಓಟಿಪಿ ಎಲ್ಲಾ ಅದರಲ್ಲೇ ಇರುವಾಗ ಅಪ್‌ಡೇಟ್ ನಿಂತುಹೋದ ಫೋನ್ ಕೊಡಿಸುವುದು ನನ್ನ ಪ್ರಕಾರ ತಪ್ಪು. ಕೊಡಿಸಿದ ದಿನ ಪಕ್ಕದಲ್ಲಿ ಕೂತು ಅಕ್ಷರ ದೊಡ್ಡದು ಮಾಡಿ, ಕನ್ನಡ ಕೀಬೋರ್ಡ್ ಹಾಕಿ, ಬೇಡದ ಆ್ಯಪ್ ತೆಗೆದು ಕೊಡಿ. ಆಮೇಲೆ ಬರುವ ಕರೆ ತಾನಾಗಿಯೇ ಕಡಿಮೆಯಾಗುತ್ತದೆ.

ಎಸಿ, ಫ್ರಿಜ್‌ಗೆ ಸ್ಟಾರ್ ಎಣಿಸಿದರೆ ಸಾಲದು. ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತಲೂ, ಆ ಲೇಬಲ್ ಯಾವ ಅವಧಿಯದ್ದು ಅಂತಲೂ ಇರುತ್ತದೆ. ಎಸಿಗಳ ಲೆಕ್ಕ 2022ರ ಜುಲೈನಲ್ಲಿ ಬಿಗಿಯಾಯಿತು, ಅದಕ್ಕೂ ಮೊದಲಿನ ಐದು ಸ್ಟಾರ್ ಆಗಿನ ಹೊಸ ಲೆಕ್ಕದಲ್ಲಿ ನಾಲ್ಕಕ್ಕೆ ಇಳಿಯಿತು. ಹಾಗಾಗಿ ಹಳೆ ಸ್ಟಾಕಿನ ಸ್ಟಾರ್‌ಗೂ ಈಗಿನ ಸ್ಟಾರ್‌ಗೂ ಹೋಲಿಕೆ ಸಲ್ಲ. ಹಳ್ಳಿ ಕಡೆಯವರಾದರೆ ವೋಲ್ಟೇಜ್ ಹೇಗೆ ಏರಿಳಿಯುತ್ತದೆ ಅಂತ ವಿಚಾರಿಸಿ, ಸ್ಟೆಬಿಲೈಸರ್ ದುಡ್ಡನ್ನೂ ಬಜೆಟ್ಟಿಗೆ ಸೇರಿಸಿ.

ಇಷ್ಟೆಲ್ಲಾ ಕೇಳಿದ ಮೇಲೆ ಎರಡು ಹೆಸರು ಕೊಡಿ, ವ್ಯತ್ಯಾಸ ಒಂದೊಂದು ಸಾಲಿನಲ್ಲಿ ಹೇಳಿ, ಆಯ್ಕೆ ಅವರಿಗೇ ಬಿಡಿ. ತಾನೇ ಆರಿಸಿದ ವಸ್ತು ಕೆಟ್ಟಾಗ ಮನುಷ್ಯ ನಿಮ್ಮ ಮೇಲೆ ಸಿಟ್ಟಾಗುವುದು ಕಡಿಮೆ. ಜಿಎಸ್‌ಟಿ ಬಿಲ್ ಅವರ ಹೆಸರಲ್ಲೇ ಇರಲಿ, ಅದರ ಫೋಟೋ ತೆಗೆದಿಟ್ಟುಕೊಳ್ಳಲು ಹೇಳಿ. ಹಳೆ ಫೋನ್ ಕೊಳ್ಳುವವರಿಗೆ *#06# ಒತ್ತಿ ಐಎಂಇಐ ನಂಬರ್ (ಪ್ರತಿ ಫೋನಿನ ಗುರುತಿನ ಸಂಖ್ಯೆ) ತೆಗೆದು, ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಹಾಕಿ ನೋಡುವುದನ್ನು ಕಲಿಸಿ. ಕದ್ದದ್ದು ಅಂತ ಬ್ಲಾಕ್ ಆಗಿರುವ ಫೋನ್ ಅಲ್ಲೇ ಗೊತ್ತಾಗುತ್ತದೆ. ವಾರಂಟಿ ಇದ್ದೂ ಸತಾಯಿಸಿದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಲು ಹೇಳಿ. ಆ ಕರೆ ಅವರೇ ಮಾಡಲಿ, ನೀವಲ್ಲ.

ಇನ್ನೊಂದು. ನಾಲ್ಕು ಜನರನ್ನು ಒಂದೇ ಅಂಗಡಿಗೆ ಕರೆದುಕೊಂಡು ಹೋದರೆ ಅಂಗಡಿಯವರು ಮೆಲ್ಲಗೆ ಕಮಿಷನ್ ಮಾತು ತೆಗೆಯುತ್ತಾರೆ. ದಯವಿಟ್ಟು ಒಪ್ಪಬೇಡಿ. ‘ಅದನ್ನು ಇವರ ಬಿಲ್ಲಿನಲ್ಲೇ ಕಡಿಮೆ ಮಾಡಿ’ ಅಂತ ನಿಮ್ಮ ನೆಂಟರ ಎದುರಿಗೇ ಹೇಳಿ.