ವಾಚನಾಲಯದ ಜಾಲತಾಣಕ್ಕೆ ಯಾವ ಹೋಸ್ಟಿಂಗ್? ಅನುಭವ ಇದ್ದವರು ಹೇಳಿ

ಪ್ರಶ್ನೆ, ಬದಿಯಡ್ಕದಿಂದ:
ನಮ್ಮ ವಾಚನಾಲಯಕ್ಕೆ ಜಾಲತಾಣ ಬೇಕೆಂದು ಸಮಿತಿ ತೀರ್ಮಾನಿಸಿದೆ. ಹಳೆಯ ಕೈಬರಹದ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳು, ಕ್ಯಾಸೆಟ್ಟಿನಿಂದ ಇಳಿಸಿಕೊಂಡ 40 ತಾಳಮದ್ದಳೆಗಳು, ಕಾರ್ಯಕ್ರಮಗಳ ವರದಿ, ಇಷ್ಟು ಅದರಲ್ಲಿ ಇರಬೇಕು. ಡೊಮೈನ್ ಹೆಸರನ್ನು, ಅಂದರೆ ತಾಣದ ವಿಳಾಸವನ್ನು, ಎರಡು ವರ್ಷದ ಹಿಂದೆಯೇ ಕೊಂಡಿದ್ದೇವೆ. ಖರ್ಚು ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿ ದಾಟಬಾರದೆಂದು ಖಜಾಂಚಿಯವರ ಕಟ್ಟಪ್ಪಣೆ. ನಾನು ನಿವೃತ್ತ ಅಧ್ಯಾಪಕ. ಕನ್ನಡ ಟೈಪು ಮಾಡಬಲ್ಲೆ, ಅದರಾಚೆ ಗೊತ್ತಿಲ್ಲ. ತಾಣದ ಫೈಲುಗಳನ್ನು ತಮ್ಮ ಸರ್ವರಿನಲ್ಲಿಟ್ಟು ನಡೆಸಿಕೊಡುವ ಹೋಸ್ಟಿಂಗಿಗೆ ಯಾವ ಕಂಪನಿ ಒಳ್ಳೆಯದು?

ನೀರ್ಚಾಲಿನಿಂದ:
ಮಾಷ್ಟ್ರೇ, ಕಂಪನಿಯ ವಿಚಾರ ಆಮೇಲೆ. ಆ ಡೊಮೈನ್ ಯಾರ ಖಾತೆಯಲ್ಲಿದೆ ಎಂದು ಮೊದಲು ನೋಡಿ.

ನಮ್ಮ ಹಳೆವಿದ್ಯಾರ್ಥಿ ಸಂಘದ ತಾಣವನ್ನು ಊರಿನ ಹುಡುಗನೊಬ್ಬ ಪ್ರೀತಿಯಿಂದ, ಒಂದು ರೂಪಾಯಿ ಪಡೆಯದೆ ಮಾಡಿಕೊಟ್ಟಿದ್ದ. ಡೊಮೈನ್, ಹೋಸ್ಟಿಂಗ್ ಎರಡೂ ಅವನದೇ ಖಾತೆಯಲ್ಲಿದ್ದವು. ಅವನಿಗೆ ದುಬೈಯಲ್ಲಿ ಕೆಲಸವಾಯಿತು. ರೀಚಾರ್ಜ್ ಇಲ್ಲದೆ ಊರಿನ ಸಿಮ್ ಸತ್ತಿತು. ನವೀಕರಣದ ಸೂಚನೆಗಳು ಅವನು ತೆರೆದು ನೋಡದ ಇಮೇಲಿಗೆ ಹೋಗುತ್ತಿದ್ದವು. ವಾರ್ಷಿಕೋತ್ಸವಕ್ಕೆ ಹನ್ನೊಂದು ದಿನ ಇರುವಾಗ ಆಮಂತ್ರಣ ಹಾಕಲೆಂದು ತಾಣ ತೆರೆದರೆ, ನಮ್ಮ ಶಾಲೆಯ ಚಿತ್ರವಿದ್ದ ಜಾಗದಲ್ಲಿ ಯಾವುದೋ ಸಾಲದ ಜಾಹೀರಾತು. ಫೋನ್ ಮಾಡಿದೆವು. ಪಾಪ, ಕೂಡಲೇ ಸರಿಮಾಡುತ್ತೇನೆ ಎಂದ. ಪಾಸ್‌ವರ್ಡ್ ಮರೆತಿತ್ತು, ಹೊಸದಕ್ಕೆ ಒಟಿಪಿ ಬರಬೇಕಾದದ್ದು ಆ ಸತ್ತ ಸಿಮ್ಮಿಗೆ! ಅವನ ಪಾಸ್‌ಪೋರ್ಟಿನ ಪ್ರತಿ, ಹಳೆಯ ರಸೀದಿ ಎಲ್ಲ ಕಳುಹಿಸಿ ಖಾತೆ ಕೈಗೆ ಬರುವಾಗ ವಾರ್ಷಿಕೋತ್ಸವದ ಚಪ್ಪರ ಬಿಚ್ಚಿ ಆಗಿತ್ತು. ಡಾಟ್ ಕಾಮ್ ಹೆಸರು ಅಳಿಸಿಹೋದ ಮೇಲೂ ಬಿಡಿಸಿಕೊಳ್ಳಲು 30 ದಿನಗಳ ಗಡುವಿದೆ, ಆದರೆ ದಂಡ ತೆರಬೇಕು. ತೆತ್ತೆವು.

ಹಾಗಾಗಿ ಸಮಿತಿಗೆಂದೇ ಒಂದು ಇಮೇಲ್ ಮಾಡಿ. ಊರು ಬಿಟ್ಟು ಹೋಗದವರ ಫೋನ್ ನಂಬರ್ ಕೊಡಿ. ಡೊಮೈನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇರಲಿ. ಹೋಸ್ಟಿಂಗ್ ಸರಿಯಿಲ್ಲದಿದ್ದರೆ ಫೈಲುಗಳನ್ನು ಬೇರೆಡೆಗೆ ಸಾಗಿಸಿ, ತಾಣ ಎಲ್ಲಿದೆಯೆಂದು ಡೊಮೈನಿಗೆ ತೋರಿಸುವ ನೇಮ್‌ಸರ್ವರ್ ಬದಲಿಸಿದರಾಯಿತು, ವಿಳಾಸ ಅದೇ ಉಳಿಯುತ್ತದೆ.

ಮಂಜೇಶ್ವರದಿಂದ:
ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ನಾನು ಹೇಳುವುದು ದುಡ್ಡಿನ ವಿಷಯ. ತಿಂಗಳಿಗೆ ಇಷ್ಟೇ ಎಂದು ದೊಡ್ಡ ಅಕ್ಷರದಲ್ಲಿ ತೋರಿಸುವ ದರ ಬಹಳ ಕಡೆ ಮೂರು ನಾಲ್ಕು ವರ್ಷದ್ದನ್ನು ಒಟ್ಟಿಗೆ ಕಟ್ಟುವವರಿಗೆ ಮಾತ್ರ. ನನ್ನ ಅಂಗಡಿಯ ತಾಣಕ್ಕೆ ಮೊದಲ ವರ್ಷ 1,900 ರೂಪಾಯಿ ಆಯಿತು. ಎರಡನೆಯ ವರ್ಷ 6,400, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 7,552. ಖಜಾಂಚಿಯವರಿಗೆ ನವೀಕರಣದ ದರವನ್ನೇ ತೋರಿಸಿ.

ತಾಣದ ಸಂಪರ್ಕವನ್ನು ಸುರಕ್ಷಿತಗೊಳಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ಹಣ ಕೇಳಿದರೆ ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಒಳ್ಳೆಯ ಹೋಸ್ಟಿಂಗಿನಲ್ಲಿ ತಾನಾಗಿಯೇ ನವೀಕರಣವಾಗುತ್ತದೆ. ‘ಅಪರಿಮಿತ ಜಾಗ’ ಎಂಬುದನ್ನೂ ನಂಬಬೇಡಿ. ಜಾಗಕ್ಕೆ ಮಿತಿ ಇಲ್ಲದಿದ್ದರೂ ಫೈಲುಗಳ ಸಂಖ್ಯೆಗೆ ಇರುತ್ತದೆ; ಅದು ಷರತ್ತುಗಳ ತಳದಲ್ಲೆಲ್ಲೋ ಅಡಗಿರುತ್ತದೆ.

ಪೆರ್ಲದಿಂದ:
ತಾಳಮದ್ದಳೆಯನ್ನು ಹೋಸ್ಟಿಂಗಿನಲ್ಲಿ ಇಡಲೇಬೇಡಿ. ಲೆಕ್ಕ ಹಾಕಿ: 128 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಧ್ವನಿ ಫೈಲು ಗಂಟೆಗೆ ಸುಮಾರು 58 ಎಂಬಿ. ಒಂದೊಂದು ಪ್ರಸಂಗ ಮೂರು ಗಂಟೆ ಎಂದರೂ 40ಕ್ಕೆ ಹತ್ತಿರ ಹತ್ತಿರ 7 ಜಿಬಿ. ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಭಂಡಾರಕ್ಕೆ ಉಚಿತವಾಗಿ ಏರಿಸಿ, ನಿಮ್ಮ ಪುಟದಲ್ಲಿ ಅದರ ಪ್ಲೇಯರ್ ಕೂರಿಸಿ. ಅದಕ್ಕೂ ಮೊದಲು ಅರ್ಥಧಾರಿಗಳ, ಭಾಗವತರ ಮನೆಯವರನ್ನು ಒಂದು ಮಾತು ಕೇಳಿ. ನಾವು ಕೇಳದೆ ಹಾಕಿ ಒಬ್ಬರ ಮನಸ್ಸು ನೋಯಿಸಿದ್ದೇವೆ.

ಉಳಿದದ್ದಕ್ಕೆ ವರ್ಡ್‌ಪ್ರೆಸ್ (ಟೈಪು ಮಾಡಿ ಪುಟ ಸೇರಿಸುವ ತಂತ್ರಾಂಶ) ಹಾಕಿದ ಸಾಮಾನ್ಯ ಶೇರ್ಡ್ ಹೋಸ್ಟಿಂಗ್, ಅಂದರೆ ಹಲವು ತಾಣಗಳು ಒಂದೇ ಸರ್ವರನ್ನು ಹಂಚಿಕೊಳ್ಳುವಂಥದ್ದು, ಧಾರಾಳವಾಯಿತು. ವಿಪಿಎಸ್ (ನಾವೇ ನೋಡಿಕೊಳ್ಳಬೇಕಾದ ಬಾಡಿಗೆ ಸರ್ವರ್) ಎಂದೆಲ್ಲ ಯಾರಾದರೂ ಆಸೆ ಹುಟ್ಟಿಸಿದರೆ, ರಾತ್ರಿ ಹತ್ತಕ್ಕೆ ಅದು ಕೆಟ್ಟರೆ ಎದ್ದು ಸರಿಮಾಡುವವರು ಯಾರು ಎಂದು ಕೇಳಿ. ವಾಚನಾಲಯದ ಕಂಪ್ಯೂಟರನ್ನೇ ಸರ್ವರ್ ಮಾಡೋಣ ಎನ್ನುವವರೊಬ್ಬರು ನಮ್ಮ ಸಮಿತಿಯಲ್ಲಿದ್ದರು. ಜೂನ್ ತಿಂಗಳ ಮೊದಲ ಗುಡುಗಿಗೆ ಅವರೇ ಸುಮ್ಮನಾದರು.

ಇನ್ನೊಂದು, ಇಂಗ್ಲಿಷಿನವರಿಗೆ ಬಾರದ, ಕನ್ನಡದಂಥ ಲಿಪಿಯವರಿಗೆ ಬರುವ ಸಂಕಟ. ಹಳೆಯ ಹೋಸ್ಟಿಂಗಿನಿಂದ ಹೊಸದಕ್ಕೆ ದತ್ತಾಂಶ ಸಾಗಿಸಿದ ದಿನ ನಮ್ಮ ಅಷ್ಟೂ ವರದಿಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲುಗಳಾಗಿದ್ದವು. ಇಂಗ್ಲಿಷ್ ಶೀರ್ಷಿಕೆಗಳು ಮಾತ್ರ ನೆಟ್ಟಗಿದ್ದವು. ದತ್ತಾಂಶದ ಕೋಷ್ಟಕ ಕನ್ನಡವನ್ನೂ ಹಿಡಿಯಬಲ್ಲ ಯುಟಿಎಫ್-8ರಲ್ಲಿ ಇರದೆ ಹಳೆಯ ಲ್ಯಾಟಿನ್ ಸಂಕೇತಕ್ರಮದಲ್ಲಿತ್ತು. ಹಾಗೆ ‘?’ ಆಗಿ ಉಳಿದುಬಿಟ್ಟ ಅಕ್ಷರ ಮತ್ತೆ ‘ಕ’ ಆಗುವುದಿಲ್ಲ. ಮನೆಯ ಪೆನ್‌ಡ್ರೈವಿನಲ್ಲಿ ಮೂಲ ಪ್ರತಿ ಇದ್ದದ್ದರಿಂದ ಬಚಾವಾದೆವು. ಹಣ ಕಟ್ಟುವ ಮೊದಲೇ ಸಹಾಯ ವಿಭಾಗಕ್ಕೆ ಇದನ್ನೇ ಒಂದು ಪ್ರಶ್ನೆಯಾಗಿ ಕಳುಹಿಸಿ. ಎಷ್ಟು ಹೊತ್ತಿಗೆ, ಎಷ್ಟು ನೇರವಾಗಿ ಉತ್ತರ ಬರುತ್ತದೆ ನೋಡಿ. ನಾನು ಕಂಪನಿ ಆರಿಸಿದ್ದು ಹಾಗೆಯೇ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದಿದ್ದರೆ ಯುನಿಕೋಡಿಗೆ ಪರಿವರ್ತಿಸಿಯೇ ಹಾಕಿ.

ಮುಳ್ಳೇರಿಯದಿಂದ:
ಇಷ್ಟಕ್ಕೆಲ್ಲ ದುಡ್ಡು ಏಕೆ? ಸಿದ್ಧಪಡಿಸಿದ ಪುಟಗಳ ಫೈಲುಗಳನ್ನು ಏರಿಸಿದರೆ ತಾಣವಾಗಿ ತೋರಿಸುವ ಗಿಟ್‌ಹಬ್ ಪೇಜಸ್ ಉಚಿತ. 1 ಜಿಬಿವರೆಗಿನ ತಾಣ ಇಡಬಹುದು, ಸ್ವಂತ ಡೊಮೈನನ್ನೂ ಜೋಡಿಸಬಹುದು.

ನೀರ್ಚಾಲಿನಿಂದ, ಮತ್ತೆ:
ಉಚಿತ ನಿಜ. ಆದರೆ ವರದಿಯೊಂದನ್ನು ತಿದ್ದಲು ಮಾಷ್ಟ್ರಿಗೆ ಮತ್ತೊಬ್ಬ ಹುಡುಗ ಬೇಕಾಗುತ್ತದೆ. ಅವನೂ ದುಬೈಗೆ ಹೋದರೆ?

ಬದಿಯಡ್ಕದಿಂದ:
ಎಲ್ಲರಿಗೂ ಉಪಕಾರವಾಯಿತು. ಕಡತ ತೆಗೆದು ಡೊಮೈನಿನ ರಸೀದಿ ನೋಡಿದೆ. ಅದರಲ್ಲಿ ವಾಚನಾಲಯದ ಹೆಸರೇ ಇಲ್ಲ. ಅಂದು ನಮಗೆ ಬ್ಯಾನರ್ ಮಾಡಿಕೊಟ್ಟ ಅಂಗಡಿಯದ್ದಿದೆ. ಅಂಗಡಿ ಈಗ ಸೀತಾಂಗೋಳಿಗೆ ಹೋಗಿದೆಯಂತೆ. ನಾಳೆ ಬೆಳಗ್ಗಿನ ಬಸ್ಸಿಗೆ ಹೊರಡುತ್ತೇನೆ, ಖಜಾಂಚಿಯವರನ್ನೂ ಕರೆದುಕೊಂಡು.